ಆಟಗಾರನ ಬೆನ್ನಿಗೆ ನಿಲ್ಲುವುದೆಂದರೆ

1995ರ ಸೆಪ್ಟೆಂಬರ್ 9ರಂದು ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಮಿಷಿಗನ್ ಸ್ಟೇಟ್ ತಂಡವನ್ನು ಅದರ ನೆಲದಲ್ಲೇ ಮಣಿಸಿತು. ಲಾರೆನ್ಸ್ ಫಿಲಿಪ್ಸ್ ಎಂಬ ಇಪ್ಪತ್ತರ ಹುಡುಗ ಅಂದು ಚೆಂಡನ್ನು ಬಗಲಲ್ಲಿಟ್ಟುಕೊಂಡು ಒಟ್ಟು 206 ಗಜ ಓಡಿದ, ನಾಲ್ಕು ಟಚ್‌ಡೌನ್ ಗಳಿಸಿದ. ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿಗೆ ಅವನ ಹೆಸರು ಕೇಳಿಬರುತ್ತಿತ್ತು. ತಂಡ ಊರಿಗೆ ಮರಳಿದ ಮೇಲೆ, ಇನ್ನೂ ಬೆಳಕು ಹರಿಯುವ ಮೊದಲೇ, ಅವನು ತನ್ನ ಮಾಜಿ ಗೆಳತಿ ಇದ್ದ ಅಪಾರ್ಟ್‌ಮೆಂಟಿಗೆ ನುಗ್ಗಿ ಆಕೆಯನ್ನು ಹೊಡೆದು, ಮೆಟ್ಟಿಲುಗಳ ಮೇಲೆ ದರದರನೆ ಎಳೆದುಕೊಂಡು ಹೋದ. ಆಕೆ ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ, ಅಲ್ಲಿನ ಮಹಿಳಾ ಬಾಸ್ಕೆಟ್‌ಬಾಲ್ ತಂಡದ ಆಟಗಾರ್ತಿ. ಕೋಚ್ ಟಾಮ್ ಆಸ್ಬರ್ನ್ ಫಿಲಿಪ್ಸ್‌ನನ್ನು ಅಮಾನತಿನಲ್ಲಿಟ್ಟರು. ಆರು ಪಂದ್ಯ ಕಳೆದವು. ನವೆಂಬರ್ ಮೊದಲ ವಾರ ಅವನು ಮತ್ತೆ ಮೈದಾನಕ್ಕಿಳಿದ. 1996ರ ಜನವರಿ 2ರಂದು, ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನವಾಗುವ ಫಿಯೆಸ್ಟಾ ಬೌಲ್ ಪಂದ್ಯದಲ್ಲಿ, ಆರಂಭದಿಂದಲೇ ಆಡಿ 165 ಗಜ ಓಡಿ ಮೂರು ಟಚ್‌ಡೌನ್ ಗಳಿಸಿದ. ನೆಬ್ರಾಸ್ಕಾ ಫ್ಲಾರಿಡಾ ತಂಡವನ್ನು 62–24ರಿಂದ ಸೋಲಿಸಿತು.

ಆಸ್ಬರ್ನ್ ಮಾಡಿದ್ದು ಸರಿಯೇ ಎಂಬ ಚರ್ಚೆ ಮೂವತ್ತು ವರ್ಷಗಳಾದರೂ ಮುಗಿದಿಲ್ಲ. ಮುಗಿಯದಿರುವುದಕ್ಕೆ ಕಾರಣವೂ ಇದೆ. ಗೆಲುವಿಗಾಗಿ ಏನನ್ನಾದರೂ ನುಂಗಿಕೊಳ್ಳುವ ಕೋಚ್ ಒಬ್ಬನ ಕಥೆ ಇದಾಗಿದ್ದರೆ ಖಂಡಿಸಿ ಮುಂದೆ ಹೋಗಬಹುದಿತ್ತು. ಆಸ್ಬರ್ನ್ ಅಂಥವರಲ್ಲ. ಒಬ್ಬ ಪ್ರಾಮಾಣಿಕ ಮನುಷ್ಯ, ತನ್ನ ಹುಡುಗನನ್ನು ಕೈಬಿಡಬಾರದೆಂಬ ಒಳ್ಳೆಯ ಉದ್ದೇಶದಿಂದಲೇ, ತಪ್ಪು ತೀರ್ಮಾನಕ್ಕೆ ಬಂದದ್ದು ಹೇಗೆ ಎಂಬುದು ಇಲ್ಲಿ ವಿಚಾರ ಮಾಡಬೇಕಾದ ಸಂಗತಿ. ಆಟಗಾರನ ಮೇಲಿನ ನಿಷ್ಠೆಯನ್ನೂ ತಂಡದ ಶಿಸ್ತನ್ನೂ ತಕ್ಕಡಿಯ ಎರಡು ತಟ್ಟೆಗಳಂತೆ ಎದುರುಬದುರು ಇಟ್ಟು ಮಾತಾಡುವುದು ರೂಢಿ. ಒಂದನ್ನು ಎತ್ತಿದರೆ ಇನ್ನೊಂದು ಇಳಿಯಲೇಬೇಕು ಎಂದು ಎಲ್ಲರೂ ನಂಬಿಕೊಂಡಂತಿದೆ. ನನ್ನ ವಾದ ಬೇರೆ. ಹುಡುಗನ ಬೆನ್ನಿಗೆ ನಿಲ್ಲುವುದು ಒಂದು, ಅವನನ್ನು ಮೈದಾನಕ್ಕೆ ಇಳಿಸುವುದು ಇನ್ನೊಂದು. ಇವೆರಡನ್ನು ಬೇರ್ಪಡಿಸಿದರೆ ನಿಷ್ಠೆಗೂ ಶಿಸ್ತಿಗೂ ಇರುವ ಜಗಳ ಬಹುಪಾಲು ಇಲ್ಲವಾಗುತ್ತದೆ. ಆದರೆ ಹಾಗೆ ಬೇರ್ಪಡಿಸಿ ನೋಡುವುದು ಕೋಚ್ ಒಬ್ಬರಿಂದಲೇ ಆಗುವ ಕೆಲಸವಲ್ಲ. ಆ ಹುಡುಗ ಆಡಿದರೆ ಲಾಭ ಆಗುವವರಲ್ಲಿ ಅವರೇ ಮೊದಲಿಗರು.

ಈ ಲಾಭದ ಅಳತೆ ಗೊತ್ತಾಗಬೇಕಾದರೆ ಅಲ್ಲಿನ ಕಾಲೇಜು ಫುಟ್‌ಬಾಲನ್ನು ಸ್ವಲ್ಪ ತಿಳಿದಿರಬೇಕು. ಇದು ನಮ್ಮ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡು, ತಲೆಗೆ ಹೆಲ್ಮೆಟ್, ಹೆಗಲಿಗೆ ಕವಚ, ಎದುರಾಳಿಯ ಮೈಮೇಲೆ ಬಿದ್ದು ನೆಲಕ್ಕೆ ಕೆಡವುವ ಆಟ. ಲಿಂಕನ್ ನಗರದಲ್ಲಿರುವ ನೆಬ್ರಾಸ್ಕಾದ ಮೆಮೋರಿಯಲ್ ಸ್ಟೇಡಿಯಂನಲ್ಲಿ ತವರು ತಂಡದ ಪಂದ್ಯಗಳ ಟಿಕೆಟ್ 1962ರಿಂದೀಚೆಗೆ ಪ್ರತಿ ಸಲವೂ ಪೂರ್ತಿ ಮಾರಾಟವಾಗುತ್ತಲೇ ಬಂದಿದೆ. ಅನೇಕ ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಪಡೆಯುವವರ ಪೈಕಿ ಮೊದಲ ಸ್ಥಾನ ರಾಜ್ಯಪಾಲರದ್ದೂ ಅಲ್ಲ, ಕುಲಪತಿಯದ್ದೂ ಅಲ್ಲ, ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್‌ನದು. ಆ ಕೋಚ್ ಹದಿನೇಳು-ಹದಿನೆಂಟರ ಹುಡುಗರ ಮನೆಗೆ ಖುದ್ದಾಗಿ ಹೋಗಿ, ತಾಯಿಯ ಎದುರು ಕೂತು, ನಿಮ್ಮ ಮಗನನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟು ಕರೆತರುತ್ತಾರೆ. ನಿಷ್ಠೆಯ ಋಣ ಹುಟ್ಟುವುದು ಅಲ್ಲಿ. ಅದೇ ಹೊತ್ತಿಗೆ, 1973ರಿಂದ 2012ರವರೆಗೆ, ಆ ಹುಡುಗನ ವಿದ್ಯಾರ್ಥಿವೇತನ ಒಂದೊಂದೇ ವರ್ಷದ್ದಾಗಿತ್ತು. ಮುಂದಿನ ವರ್ಷ ಅದು ಸಿಗುತ್ತದೋ ಇಲ್ಲವೋ ಎಂಬುದು ಹೆಚ್ಚುಕಡಿಮೆ ಕೋಚ್ ಕೈಯಲ್ಲೇ ಇತ್ತು. ತಂದೆಯ ಸ್ಥಾನದ ಮಾತು, ಯಜಮಾನನ ಅಧಿಕಾರ, ಎರಡೂ ಒಬ್ಬರ ಬಳಿಯೇ. ಈ ಏರ್ಪಾಡಿನಲ್ಲಿ ಎಷ್ಟೇ ಒಳ್ಳೆಯ ಮನುಷ್ಯನನ್ನು ತಂದು ಕೂರಿಸಿದರೂ ಅವನ ಕಣ್ಣಿಗೆ ತೆರೆ ಕಟ್ಟುವ ಸಂದರ್ಭ ಒಂದಲ್ಲ ಒಂದು ದಿನ ಬರುತ್ತದೆ.

ಆಸ್ಬರ್ನ್ ವಾದವನ್ನು ಅದರ ಪೂರ್ಣ ಬಲದೊಂದಿಗೇ ಎದುರಿಸಬೇಕು. 1973ರಿಂದ 1997ರವರೆಗೆ ಕೋಚ್ ಆಗಿದ್ದು 255 ಪಂದ್ಯ ಗೆದ್ದು 49 ಸೋತವರು, ಮೂರು ರಾಷ್ಟ್ರೀಯ ಪಟ್ಟ ಕಂಡವರು ಅವರು. ಆದರೆ ಅವರ ಪ್ರಾಮಾಣಿಕತೆಗೆ ಸಾಕ್ಷಿ ಈ ಅಂಕಿಗಳಲ್ಲ. 1991ರಲ್ಲಿ ಅವರೂ ಅವರ ಪತ್ನಿಯೂ ಸೇರಿ 'ಟೀಮ್‌ಮೇಟ್ಸ್' ಎಂಬ ಕಾರ್ಯಕ್ರಮ ಆರಂಭಿಸಿದರು. ತಂಡದ 22 ಆಟಗಾರರು ಲಿಂಕನ್‌ನ ಮಾಧ್ಯಮಿಕ ಶಾಲೆಗಳ ಮಕ್ಕಳಿಗೆ ಒಬ್ಬೊಬ್ಬರಂತೆ ಅಣ್ಣನಾಗಿ, ಆಸರೆಯಾಗಿ ನಿಂತರು. ಶನಿವಾರದ ಪಂದ್ಯಕ್ಕೆ ಇದರಿಂದ ಒಂದು ಅಂಕವೂ ಬರುವಂತಿರಲಿಲ್ಲ. ಇಂಥ ಮನುಷ್ಯ ಫಿಲಿಪ್ಸ್ ವಿಷಯದಲ್ಲಿ ಹೇಳಿದ್ದು ಇಷ್ಟು: ಈ ಹುಡುಗ ಕ್ಯಾಲಿಫೋರ್ನಿಯಾದಲ್ಲಿ ಮನೆಯೆಂಬ ಮನೆಯಿಲ್ಲದೆ, ಅನಾಥರಂತಿರುವ ಮಕ್ಕಳ ವಸತಿಯಲ್ಲಿ ಬೆಳೆದವನು, ಅವನ ಬದುಕಿಗೆ ಒಂದು ಕಟ್ಟುಪಾಡು, ಒಂದು ದಿನಚರಿ ಎಂದು ಇರುವುದು ಫುಟ್‌ಬಾಲ್ ಮಾತ್ರ, ಅದನ್ನೂ ಕಿತ್ತುಕೊಂಡರೆ ಅವನು ಕೈತಪ್ಪಿ ಹೋಗುತ್ತಾನೆ. ಸಮಾಲೋಚನೆಗೆ ಹೋಗಬೇಕು, ತರಗತಿ ತಪ್ಪಿಸಬಾರದು ಎಂಬ ಷರತ್ತುಗಳನ್ನು ಹಾಕಿಯೇ ಅವನನ್ನು ಮರಳಿ ಸೇರಿಸಿಕೊಳ್ಳಲಾಯಿತು. ಗೆಲುವಿಗಾಗಿ ಹೀಗೆ ಮಾಡಿದರು ಎಂಬ ಆರೋಪವನ್ನು ಆಸ್ಬರ್ನ್ ಕಡೆಯವರು ಸುಲಭವಾಗಿ ತಳ್ಳಿಹಾಕಬಲ್ಲರು. ಫಿಲಿಪ್ಸ್ ಇಲ್ಲದ ಆರೂ ಪಂದ್ಯಗಳನ್ನು ತಂಡ ಗೆದ್ದಿತ್ತು. ಅವನ ಜಾಗದಲ್ಲಿ ಅಹ್ಮನ್ ಗ್ರೀನ್ ಎಂಬ ಮೊದಲ ವರ್ಷದ ಹುಡುಗ ಮಿಂಚುತ್ತಿದ್ದ. ಆ ಇಡೀ ಸೀಸನ್ನಿನಲ್ಲಿ ನೆಬ್ರಾಸ್ಕಾದ ಅತಿ ಕಡಿಮೆ ಅಂತರದ ಗೆಲುವು 14 ಅಂಕಗಳದ್ದು. ಫಿಲಿಪ್ಸ್ ಇಲ್ಲದಿದ್ದರೂ ಆ ತಂಡಕ್ಕೆ ಏನೂ ಕೊರತೆಯಾಗುತ್ತಿರಲಿಲ್ಲ.

ಆಸ್ಬರ್ನ್ ಪರವಾದ ಈ ಕೊನೆಯ ಅಂಶವೇ ಅವರ ವಾದದ ಬುಡವನ್ನು ಅಲುಗಿಸುತ್ತದೆ. ತಂಡಕ್ಕೆ ಅವನ ಆಟ ಬೇಕಿರಲಿಲ್ಲ ಎಂದಾದರೆ ಅವನನ್ನು ಆಡಿಸದೆಯೇ ಇಟ್ಟುಕೊಳ್ಳಲು ಅಡ್ಡಿ ಏನಿತ್ತು? ಕಟ್ಟುಪಾಡು ಬೇಕಿದ್ದರೆ ಬೆಳಗಿನ ವ್ಯಾಯಾಮ ಇತ್ತು, ತರಗತಿ ಇತ್ತು, ವೈದ್ಯರ ಭೇಟಿ ಇತ್ತು, ಊಟದ ಮನೆ ಇತ್ತು, ಬೇಕೆನಿಸಿದರೆ ಅಭ್ಯಾಸವೂ ಇತ್ತು. ಇವೆಲ್ಲ ವಾರಕ್ಕೆ ಆರು ದಿನದ ಮಾತು. ಸಾವಿರಾರು ಜನರ ಚಪ್ಪಾಳೆಯ ಮುಂದೆ ಓಡುವ ಶನಿವಾರದ ಮೂರು ಗಂಟೆ ಕಟ್ಟುಪಾಡಲ್ಲ, ಅದು ಬಹುಮಾನ. ಒಬ್ಬ ಹೆಣ್ಣುಮಗಳ ಮೇಲೆ ಕೈಮಾಡಿದ ಎರಡೇ ತಿಂಗಳೊಳಗೆ ಆ ಬಹುಮಾನವನ್ನು ಅವನಿಗೆ ಹಿಂದಿರುಗಿಸಿದರೆ ಅವನು ಕಲಿಯುವ ಪಾಠ ಯಾವುದು? ಇನ್ನೊಂದು ಸಂಗತಿ ಇದಕ್ಕಿಂತ ಗಟ್ಟಿಯಾದದ್ದು. ಆಸರೆಯಾಗಿ ಉಳಿಯಬೇಕೆಂದು ಹೇಳಿದ ಆ ಫುಟ್‌ಬಾಲ್ ಅವನಿಗೆ ಉಳಿದದ್ದು ನವೆಂಬರ್ ಮೊದಲ ವಾರದಿಂದ ಜನವರಿ 2ರವರೆಗೆ, ಅಂದರೆ ಎರಡು ತಿಂಗಳು. ಫಿಯೆಸ್ಟಾ ಬೌಲ್ ಮುಗಿದೊಡನೆ ಅವನು ಓದು ಅರ್ಧಕ್ಕೇ ಬಿಟ್ಟು ವೃತ್ತಿಪರ ಆಟಕ್ಕೆ ಹೋದ. ಆ ವರ್ಷ ಸೇಂಟ್ ಲೂಯಿಸ್ ರ‍್ಯಾಮ್ಸ್ ತಂಡ ಇಡೀ ದೇಶದಲ್ಲೇ ಆರನೆಯವನಾಗಿ ಅವನನ್ನು ಆರಿಸಿಕೊಂಡಿತು, 1997ರಲ್ಲೇ ಕೈಬಿಟ್ಟಿತು. ಕಾಲೇಜು ತಂಡದ ನೆರಳಿನಲ್ಲಿ ಅವನನ್ನು ತಿದ್ದುತ್ತೇವೆ ಎಂದವರಿಗೆ ಸಿಕ್ಕಿದ್ದು ಎಂಟು-ಒಂಬತ್ತು ವಾರ. ಆ ವಾರಗಳಲ್ಲಿ ನಿಜವಾಗಿ ಬೆಳೆದದ್ದು ವೃತ್ತಿಪರ ಮಾರುಕಟ್ಟೆಯಲ್ಲಿ ಅವನ ಬೆಲೆ. ಆಮೇಲಿನ ಕಥೆ ಎಲ್ಲರಿಗೂ ಗೊತ್ತು. ಹುಡುಗರ ಮೇಲೆ ಕಾರು ನುಗ್ಗಿಸಿದ್ದಕ್ಕೆ, ಇನ್ನೊಬ್ಬ ಗೆಳತಿಯ ಮೇಲೆ ಹಲ್ಲೆ ಮಾಡಿದ್ದಕ್ಕೆ ಒಟ್ಟು ಮೂವತ್ತಕ್ಕೂ ಹೆಚ್ಚು ವರ್ಷಗಳ ಸಜೆ, 2016ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಸೆರೆಮನೆಯಲ್ಲಿ ಸಾವು. ಆಗ ವಯಸ್ಸು ನಲವತ್ತು. ಆಸ್ಬರ್ನ್ ಬೇರೆ ರೀತಿ ತೀರ್ಮಾನಿಸಿದ್ದರೆ ಇದು ತಪ್ಪುತ್ತಿತ್ತು ಎಂದು ಯಾರೂ ಹೇಳಲಾರರು, ನಾನೂ ಹೇಳುವುದಿಲ್ಲ. ಆದರೆ ಆಡಿಸಿದ್ದರಿಂದ ಅವನು ಉಳಿದ ಎಂದು ಹೇಳುವುದಂತೂ ಸಾಧ್ಯವೇ ಇಲ್ಲ.

ಆ ಬಾಸ್ಕೆಟ್‌ಬಾಲ್ ಆಟಗಾರ್ತಿಯ ಮಾತು ಈ ಚರ್ಚೆಯಲ್ಲಿ ಯಾವಾಗಲೂ ಬದಿಗೆ ಸರಿದುಬಿಡುತ್ತದೆ. ಆಕೆಯೂ ಆ ವಿಶ್ವವಿದ್ಯಾಲಯ ತನ್ನ ಬಣ್ಣದ ಅಂಗಿ ತೊಡಿಸಿದ ಮಗಳೇ. ಆಕೆಯ ತಂದೆತಾಯಿಗೂ ಯಾರೋ ಒಬ್ಬ ಕೋಚ್ ಮಾತು ಕೊಟ್ಟೇ ಕರೆತಂದಿರಬೇಕು. ಫುಟ್‌ಬಾಲ್ ತಂಡ ಒಂದು ಕುಟುಂಬ, ಕುಟುಂಬದಲ್ಲಿ ಯಾರನ್ನೂ ಕೈಬಿಡುವುದಿಲ್ಲ ಎಂಬ ಮಾತನ್ನು ಅಮೆರಿಕದ ಕೋಚ್‌ಗಳು ಮತ್ತೆ ಮತ್ತೆ ಹೇಳುತ್ತಾರೆ. ಆ ಕುಟುಂಬದ ಬೇಲಿ ಎಲ್ಲಿ ಹಾಕಲಾಗಿದೆ ಎಂದು ಕೇಳಬೇಕು. ಅದೇ ಆವರಣದಲ್ಲಿ, ಅದೇ ಗ್ರಂಥಾಲಯದಲ್ಲಿ, ಅದೇ ಕ್ರೀಡಾ ವಿಭಾಗದಲ್ಲಿ ಓಡಾಡುವ ಹೆಣ್ಣುಮಗಳು ಆ ಬೇಲಿಯಾಚೆ ಉಳಿಯುತ್ತಾಳೆ ಎಂದಾದರೆ ಅಂಥ ನಿಷ್ಠೆಯನ್ನು ಗುಣವೆಂದು ಹೊಗಳಲು ನನಗೆ ಮನಸ್ಸು ಬರುವುದಿಲ್ಲ. ತನ್ನವರಿಗಷ್ಟೇ ಕರಗುವ ಮನಸ್ಸು ಎಲ್ಲ ಗುಂಪುಗಳಲ್ಲೂ ಇರುತ್ತದೆ. ವಿದ್ಯಾಸಂಸ್ಥೆಯಿಂದ ನಾವು ನಿರೀಕ್ಷಿಸುವುದು ಅದಕ್ಕಿಂತ ಹೆಚ್ಚಿನದನ್ನು.

ಹಾಗಾದರೆ ಕಠಿಣವಾಗಿರುವ ಕೋಚ್ ಹುಡುಗನನ್ನು ಕಳೆದುಕೊಳ್ಳಲೇಬೇಕೇ? ಇಲ್ಲ ಎನ್ನುವುದಕ್ಕೆ ಅದೇ ಆಟದ ಚರಿತ್ರೆಯಲ್ಲಿ ಒಂದು ಪ್ರಸಿದ್ಧ ಉದಾಹರಣೆ ಇದೆ. 1963ರ ಡಿಸೆಂಬರ್‌ನಲ್ಲಿ ಅಲಬಾಮಾದ ಕೋಚ್ ಬೇರ್ ಬ್ರಯಂಟ್ ತಮ್ಮ ಕ್ವಾರ್ಟರ್‌ಬ್ಯಾಕ್ ಜೋ ನೇಮತ್‌ನನ್ನು, ತಂಡದ ನಿಯಮ ಮುರಿದು ಕುಡಿದನೆಂಬ ಕಾರಣಕ್ಕೆ, ಸೀಸನ್ನಿನ ಉಳಿದ ಪಂದ್ಯಗಳಿಂದ ಹೊರಗಿಟ್ಟರು. ಉಳಿದಿದ್ದ ಎರಡರಲ್ಲಿ ಒಂದು ಶುಗರ್ ಬೌಲ್ ಎಂಬ ಪ್ರತಿಷ್ಠೆಯ ಪಂದ್ಯ. ತಾವು ಕಂಡ ಆಟಗಾರರಲ್ಲೆಲ್ಲ ದೊಡ್ಡವನೆಂದು ಬ್ರಯಂಟ್ ನಂಬಿದ್ದ ಹುಡುಗ ಅವನು. ಅವನಿಲ್ಲದ ಅಲಬಾಮಾಗೆ ಶುಗರ್ ಬೌಲ್‌ನಲ್ಲಿ ಒಂದು ಟಚ್‌ಡೌನೂ ದಕ್ಕಲಿಲ್ಲ. ಟಿಮ್ ಡೇವಿಸ್ ಎಂಬ ಒದೆತಗಾರ ನಾಲ್ಕು ಸಲ ಚೆಂಡನ್ನು ಕಂಬಗಳ ನಡುವೆ ಒದ್ದು ಗಳಿಸಿಕೊಟ್ಟ 12 ಅಂಕಗಳಿಂದ 12–7ರಲ್ಲಿ ಹೇಗೋ ಗೆದ್ದರು. ನೇಮತ್ ವಿಶ್ವವಿದ್ಯಾಲಯ ಬಿಡಲಿಲ್ಲ. ಮರುವರ್ಷ ಮರಳಿ ಬಂದು ಆಡಿದ. 1964ರ ರಾಷ್ಟ್ರೀಯ ಪಟ್ಟ ಅಲಬಾಮಾಗೆ ಬಂತು. ಮುಂದೆ ನ್ಯೂಯಾರ್ಕಿನಲ್ಲಿ ದೊಡ್ಡ ಹೆಸರು ಮಾಡಿದ ಮೇಲೂ ಆತ ಬ್ರಯಂಟ್‌ರನ್ನು ಗೌರವದಿಂದಲೇ ನೆನೆದ. ಇಲ್ಲಿ ಗಮನಿಸಬೇಕಾದದ್ದು ಶಿಕ್ಷೆ ಎಷ್ಟು ಗಟ್ಟಿ ಎಂಬುದನ್ನಲ್ಲ, ಅದರ ಭಾರ ಯಾರ ಮೇಲೆ ಬಿತ್ತು ಎಂಬುದನ್ನು. ಆ ಶಿಕ್ಷೆಯಿಂದ ನೇಮತ್‌ನಷ್ಟೇ ನಷ್ಟ ಬ್ರಯಂಟ್‌ಗೂ ಆಗುವಂತಿತ್ತು. ಹುಡುಗ ಅದನ್ನು ಅರಿತ. ತನ್ನ ಕೋಚ್ ತನ್ನನ್ನು ಬರೀ ಗೆಲುವಿನ ಸಲಕರಣೆಯಾಗಿ ಕಂಡಿಲ್ಲ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿರಲಿಲ್ಲ. ಕುಡಿತಕ್ಕೂ ಹಲ್ಲೆಗೂ ಹೋಲಿಕೆ ಸಲ್ಲದು, ನಿಜ. ಕುಡಿದದ್ದಕ್ಕೆ ಒಂದು ಸೀಸನ್ನಿನ ಕೊನೆಯೇ ಹೋಗಬಹುದಾದರೆ ಹೆಣ್ಣನ್ನು ಹೊಡೆದು ಮೆಟ್ಟಿಲುಗಳ ಮೇಲೆ ಎಳೆದದ್ದಕ್ಕೆ ಆರು ಪಂದ್ಯ ಸಾಕೆಂದು ತೋರಿದ್ದು ಹೇಗೆ ಎಂಬ ಪ್ರಶ್ನೆಯಂತೂ ಉಳಿಯುತ್ತದೆ.

ಶಿಸ್ತಿನ ಪರ ಮಾತಾಡುವವರು ಇಲ್ಲಿಗೇ ನಿಲ್ಲುತ್ತಾರೆ, ನಿಲ್ಲಬಾರದು. ಶಿಸ್ತು ಎಂಬ ಹೆಸರಿನಲ್ಲಿ ಈ ಆಟದಲ್ಲಿ ನಡೆದಿರುವ ಅನ್ಯಾಯ ಸಣ್ಣದಲ್ಲ. ಇದೇ ಬ್ರಯಂಟ್ 1954ರಲ್ಲಿ ಟೆಕ್ಸಸ್ ಎ ಅಂಡ್ ಎಂ ತಂಡವನ್ನು ಜಂಕ್ಷನ್ ಎಂಬ ಊರಿಗೆ ಕರೆದೊಯ್ದು, ಬರಗಾಲದ ಉರಿಬಿಸಿಲಲ್ಲಿ ಕುಡಿಯಲು ನೀರನ್ನೂ ಕೊಡದೆ ದುಡಿಸಿದ್ದನ್ನು ಬಹುಕಾಲ ವೀರಗಾಥೆಯಂತೆ ಹೇಳಿಕೊಂಡು ಬರಲಾಯಿತು. ಅದೇ ಬಗೆಯ ಗಡಸುತನ 2018ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಜೋರ್ಡನ್ ಮೆಕ್‌ನೇರ್ ಎಂಬ ಹತ್ತೊಂಬತ್ತರ ಹುಡುಗನ ಪ್ರಾಣ ತೆಗೆಯಿತು. ಅಭ್ಯಾಸದ ವೇಳೆ ಮೈ ಕಾದು ಕುಸಿದವನಿಗೆ ತಕ್ಷಣ ಸಿಗಬೇಕಿದ್ದ ಆರೈಕೆ ಸಿಗಲಿಲ್ಲ. ಎರಡು ವಾರದ ಬಳಿಕ ತೀರಿಕೊಂಡ. 1969ರ ಅಕ್ಟೋಬರ್‌ನಲ್ಲಿ ವಯೋಮಿಂಗ್ ವಿಶ್ವವಿದ್ಯಾಲಯದ 14 ಮಂದಿ ಕಪ್ಪು ಆಟಗಾರರು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಕೋಚ್ ಲಾಯ್ಡ್ ಈಟನ್ ಬಳಿ ಹೋದರು. ಕಪ್ಪು ಜನರಿಗೆ ಪೌರೋಹಿತ್ಯ ನಿರಾಕರಿಸುತ್ತಿದ್ದ ಮಾರ್ಮನ್ ಚರ್ಚಿಗೆ ಸೇರಿದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ವಿರುದ್ಧ ಆಡುವಾಗ ಹಾಗೆ ಕಟ್ಟಿಕೊಳ್ಳಬಹುದೇ ಎಂದು ಮಾತಾಡಲು ಹೋದವರು ಅವರು. ಈಟನ್ ಅಷ್ಟೂ ಜನರನ್ನು ನಿಂತ ನಿಲುವಿನಲ್ಲೇ ತಂಡದಿಂದ ಕಿತ್ತುಹಾಕಿದರು. ಅಲ್ಲಿಯವರೆಗೆ ಒಂದೂ ಸೋಲು ಕಾಣದಿದ್ದ ತಂಡ ಆ ಸೀಸನ್ನಿನ ಕೊನೆಯ ನಾಲ್ಕೂ ಪಂದ್ಯ ಸೋತಿತು, ಮರುವರ್ಷ ಹತ್ತರಲ್ಲಿ ಗೆದ್ದದ್ದು ಒಂದೇ. ವಿಶ್ವವಿದ್ಯಾಲಯ ಕ್ಷಮೆ ಕೇಳಿದ್ದು 2019ರಲ್ಲಿ, ಐವತ್ತು ವರ್ಷದ ನಂತರ.

ಈ ಚರಿತ್ರೆ ಬಲ್ಲವರ ಆಕ್ಷೇಪವನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಕಾಲೇಜು ಫುಟ್‌ಬಾಲ್ ಆಡುವವರಲ್ಲಿ ಬಡ ಮನೆಗಳ ಕಪ್ಪು ಹುಡುಗರ ಪಾಲು ದೊಡ್ಡದು. ಅವರ ಬೆವರಿನಿಂದ ಕೋಟ್ಯಂತರ ಡಾಲರ್ ಬರುವಾಗ ಅವರಿಗೆ ದಶಕಗಳ ಕಾಲ ಸಿಕ್ಕಿದ್ದು ಓದಿನ ಖರ್ಚು ಮಾತ್ರ. ಶಿಸ್ತಿನ ಚಾಟಿ ಬೀಸಿದಾಗ ಮೊದಲು ಏಟು ಬೀಳುವುದೂ ಅವರಿಗೇ. ಇದೆಲ್ಲ ಸತ್ಯ. ಆದರೆ ಇದರಿಂದ ಹೊರಡುವ ತೀರ್ಮಾನ ಯಾವುದು? ಕೋಚ್ ತನ್ನ ಹುಡುಗರ ಅಪರಾಧಗಳನ್ನು ಹೊಟ್ಟೆಗೆ ಹಾಕಿಕೊಳ್ಳಲಿ ಎಂಬುದಂತೂ ಅಲ್ಲ. ಈಟನ್ ಮಾಡಿದ್ದಕ್ಕೂ ಆಸ್ಬರ್ನ್ ಮಾಡಿದ್ದಕ್ಕೂ ಮೂಲ ಒಂದೇ: ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬನ ಭವಿಷ್ಯದ ಮೇಲೆ ಒಬ್ಬನೇ ಮನುಷ್ಯನಿಗೆ, ಕೇಳುವವರಿಲ್ಲದ ಅಧಿಕಾರ. ಒಂದು ಕಡೆ ಅದು ನಿರಪರಾಧಿಗಳನ್ನು ಬೀದಿಗೆ ತಳ್ಳಿತು, ಇನ್ನೊಂದು ಕಡೆ ಅಪರಾಧಿಯನ್ನು ಮೆರೆಸಿತು. ಔಷಧವೂ ಹಾಗಾಗಿ ಒಂದೇ. ರಾತ್ರಿ ಎಷ್ಟು ಹೊತ್ತಿಗೆ ಮಲಗಬೇಕು, ಅಭ್ಯಾಸಕ್ಕೆ ತಡವಾಗಿ ಬಂದವನಿಗೆ ಏನು ಮಾಡಬೇಕು ಎಂಬುದನ್ನು ಕೋಚ್ ನೋಡಿಕೊಳ್ಳಲಿ. ಇನ್ನೊಬ್ಬರ ಮೈಮೇಲೆ ಗಾಯವಾದ ಕ್ಷಣದಿಂದ ಆ ವಿಷಯ ಕೋಚ್ ಕೈಯಿಂದ ಹೊರಹೋಗಬೇಕು. ಆಟಗಾರ ಯಾವ ಅಭಿಪ್ರಾಯವನ್ನು ಹೇಳಬೇಕು ಎಂಬುದಂತೂ ಎಂದೂ ಅವರ ಕೈಗೆ ಬರಲೇಬಾರದು.

ಇನ್ನೊಬ್ಬರಿಗೆ ಹಾನಿಯಾದ ಪ್ರಕರಣಗಳನ್ನು ತಂಡದವರು ತಮ್ಮ ಕೈಯಲ್ಲೇ ಉಳಿಸಿಕೊಂಡರೆ ಏನಾಗುತ್ತದೆ ಎಂಬುದನ್ನು ಟೆಕ್ಸಸ್‌ನ ಬೇಲರ್ ವಿಶ್ವವಿದ್ಯಾಲಯ ತೋರಿಸಿತು. 2016ರ ಮೇ 26ರಂದು ಅಲ್ಲಿನ ಆಡಳಿತ ಮಂಡಳಿ ವಕೀಲರ ಸಂಸ್ಥೆಯೊಂದು ನಡೆಸಿದ ತನಿಖೆಯ ಸಾರಾಂಶವನ್ನು ಪ್ರಕಟಿಸಿತು. ಆಟಗಾರರ ವಿರುದ್ಧ ಲೈಂಗಿಕ ದೌರ್ಜನ್ಯದ ದೂರು ಬಂದಾಗ ಫುಟ್‌ಬಾಲ್ ವಿಭಾಗದವರು ಅದನ್ನು ಹೊರಗಿನ ಅಧಿಕಾರಿಗಳಿಗೆ ತಿಳಿಸದೆ ತಮ್ಮೊಳಗೇ ವಿಚಾರಿಸಿ ಮುಗಿಸಿದ್ದರು. ಕೆಲವರನ್ನು ಕಾರಣ ಹೇಳದೆ, ತಂಡದ ನಿಯಮ ಮುರಿದರು ಎಂದಷ್ಟೇ ಹೇಳಿ ಹೊರಹಾಕಿ, ಬೇರೆ ಕಾಲೇಜು ಸೇರಲು ನೆರವನ್ನೂ ಕೊಟ್ಟಿದ್ದರು. ಕೋಚ್ ಆರ್ಟ್ ಬ್ರೈಲ್ಸ್ ಕೆಲಸ ಹೋಯಿತು. ಕುಲಪತಿ ಕೆನೆತ್ ಸ್ಟಾರ್ ಸ್ಥಾನ ಹೋಯಿತು. ಹೊರಗೆ ಕಳಿಸುವುದು ಕೂಡ ಮುಚ್ಚಿಹಾಕುವ ಒಂದು ಬಗೆಯಾಗಬಲ್ಲದು ಎಂಬುದನ್ನು ಇಲ್ಲಿ ಕಾಣುತ್ತೇವೆ. ಹೊಸ ಊರಿನ ಹೆಣ್ಣುಮಕ್ಕಳಿಗೆ ಬಂದವನು ಯಾರೆಂದು ಯಾರೂ ಹೇಳುವುದಿಲ್ಲ. ಗಂಭೀರ ದುರ್ವರ್ತನೆಗಾಗಿ ಹೊರಬಿದ್ದವರನ್ನು ಸೇರಿಸಿಕೊಳ್ಳಬಾರದೆಂದು ಆಗ್ನೇಯ ರಾಜ್ಯಗಳ ವಿಶ್ವವಿದ್ಯಾಲಯ ತಂಡಗಳ ದೊಡ್ಡ ಒಕ್ಕೂಟ 2015ರಲ್ಲಿ ನಿಯಮ ಮಾಡಿದ್ದು ಇಂಥ ವರ್ಗಾವಣೆಗಳನ್ನು ಕಂಡೇ.

ಮುಚ್ಚಿಡುವ ನಿಷ್ಠೆಯ ಬೆಲೆ ತೆರುವವರು ಹೊರಗಿನವರಷ್ಟೇ ಅಲ್ಲ, ತಂಡದ ಒಳಗಿನವರೂ ಹೌದು. ಒಹಾಯೊ ಸ್ಟೇಟ್‌ನ ಜಿಮ್ ಟ್ರೆಸೆಲ್ ಸೌಮ್ಯ, ಸಜ್ಜನ ಎಂದು ಹೆಸರಾದವರು. ತಮ್ಮ ಆಟಗಾರರು ಗೆದ್ದ ಉಂಗುರ, ಅಂಗಿಗಳನ್ನು ಕೊಟ್ಟು ಹಚ್ಚೆ ಹಾಕಿಸಿಕೊಳ್ಳುತ್ತಿದ್ದಾರೆಂದು 2010ರ ಏಪ್ರಿಲ್‌ನಲ್ಲೇ ಅವರಿಗೆ ಇ-ಮೇಲ್ ಬಂದಿತ್ತು. ಅದನ್ನು ಮೇಲಿನವರಿಗೆ ಹೇಳದೆ, ತಿಳಿದದ್ದನ್ನೆಲ್ಲ ತಿಳಿಸಿದ್ದೇನೆ ಎಂಬ ಹೇಳಿಕೆಗೆ ಸೆಪ್ಟೆಂಬರ್‌ನಲ್ಲಿ ಸಹಿ ಹಾಕಿದರು. ಆ ಹುಡುಗರು ಮಾಡಿದ್ದು ದೊಡ್ಡ ಪಾಪವೆಂದು ನಾನು ಭಾವಿಸುವುದಿಲ್ಲ. ತಾವು ಗೆದ್ದದ್ದನ್ನು ಮಾರಿಕೊಂಡರು, ಅಷ್ಟೇ. ಆ ನಿಯಮವೇ ಅನ್ಯಾಯದ್ದು ಎಂದು ಟ್ರೆಸೆಲ್ ಬಹಿರಂಗವಾಗಿ ಹೇಳಿದ್ದರೆ ಅದು ನಿಷ್ಠೆಯಾಗುತ್ತಿತ್ತು. ಅವರು ಸುಮ್ಮನಿದ್ದು ಆ ಹುಡುಗರನ್ನು ಆಡಿಸಿದರು. 2011ರ ಮೇನಲ್ಲಿ ರಾಜೀನಾಮೆ ಕೊಡಬೇಕಾಯಿತು. 2010ರ ಗೆಲುವುಗಳೆಲ್ಲ ದಾಖಲೆಯಿಂದ ಅಳಿಸಿಹೋದವು. 2012ರಲ್ಲಿ ಅದೇ ತಂಡ, ಹೊಸ ಕೋಚ್ ಕೈಕೆಳಗೆ, ಹನ್ನೆರಡಕ್ಕೆ ಹನ್ನೆರಡೂ ಪಂದ್ಯ ಗೆದ್ದಿತು. ಆದರೂ ಹಿಂದಿನ ತಪ್ಪಿನ ಶಿಕ್ಷೆಯಾಗಿ ಆ ವರ್ಷದ ಬೌಲ್ ಪಂದ್ಯ ಆಡುವಂತಿರಲಿಲ್ಲ. ಐದಾರು ಜನರ ಮೇಲಿನ ಮಮತೆಗೆ ಏನೂ ಅರಿಯದ ನೂರು ಹುಡುಗರು ದಂಡ ಕಟ್ಟಿದರು. ತಂಡದ ಶಿಸ್ತು ಎಂಬುದು ಕೋಚ್‌ನ ಪ್ರತಿಷ್ಠೆಯ ಮಾತಷ್ಟೇ ಆಗಿರದೆ ಆ ನೂರು ಹುಡುಗರ ಹಕ್ಕಿನ ಮಾತೂ ಆಗಿರುತ್ತದೆ.

ತೀರ್ಮಾನವನ್ನು ಹೊರಗಿನವರ ಕೈಗೆ ಕೊಟ್ಟರೆ ನ್ಯಾಯ ಸಿಕ್ಕೇ ಸಿಗುತ್ತದೆಂಬ ಭರವಸೆ ಏನು ಎಂದು ಕೇಳುವವರು ಡ್ಯೂಕ್ ವಿಶ್ವವಿದ್ಯಾಲಯವನ್ನು ನೆನಪಿಸುತ್ತಾರೆ. ಆಟ ಬೇರೆಯಾದರೂ ಪ್ರಶ್ನೆ ಅದೇ. 2006ರಲ್ಲಿ ಅಲ್ಲಿನ ಲಕ್ರಾಸ್ ತಂಡದ ಮೂವರ ಮೇಲೆ ಅತ್ಯಾಚಾರದ ಆರೋಪ ಬಂದಾಗ ಸೀಸನ್ ರದ್ದಾಯಿತು, ಕೋಚ್ ರಾಜೀನಾಮೆ ಕೊಡಬೇಕಾಯಿತು. ಮರುವರ್ಷ ಆ ಮೂವರೂ ನಿರಪರಾಧಿಗಳೆಂದು ರಾಜ್ಯದ ಅಟಾರ್ನಿ ಜನರಲ್ ಸಾರಿದರು. ಆರೋಪ ಬಂದ ಕೂಡಲೇ ಕೈಬಿಡುವ ಸಂಸ್ಥೆ ಎಷ್ಟು ಕ್ರೂರವಾಗಬಹುದೆಂಬುದು ಇದರಿಂದ ಗೊತ್ತಾಗುತ್ತದೆ. ಕೋಚ್‌ನ ನಿಷ್ಠೆಗೆ ನಿಜವಾದ ಕೆಲಸ ಇರುವುದೂ ಇಲ್ಲೇ. ಆರೋಪಿಗೆ ವಕೀಲನಿದ್ದಾನೆಯೇ, ಓದು ನಿಂತಿದೆಯೇ, ತಾಯಿಗೆ ಯಾರಾದರೂ ಫೋನ್ ಮಾಡಿದರೇ, ವಿಚಾರಣೆ ನ್ಯಾಯವಾಗಿ ನಡೆಯುತ್ತಿದೆಯೇ ಎಂದು ನೋಡುವುದು, ಜಗತ್ತೆಲ್ಲ ಮುಖ ತಿರುಗಿಸಿದಾಗ ಅವನ ಕೋಣೆಯ ಬಾಗಿಲು ತಟ್ಟುವುದು. ಇದ್ಯಾವುದಕ್ಕೂ ಅವನನ್ನು ಶನಿವಾರ ಆಡಿಸಬೇಕಾದ ಅಗತ್ಯವಿಲ್ಲ. ತನಿಖೆ ಮುಗಿಯುವವರೆಗೆ ಬೆಂಚಿನ ಮೇಲೆ ಕೂರಿಸುವುದು ಅಪರಾಧಿ ಎಂಬ ತೀರ್ಪಲ್ಲ. ವಿದ್ಯಾರ್ಥಿವೇತನ ಕಿತ್ತು ಊರಿಗೆ ಅಟ್ಟುವುದೇ ತೀರ್ಪು. ನ್ಯಾಯಾಲಯ ಇರುವಾಗ ಕೋಚ್ ಏಕೆ ತಲೆಹಾಕಬೇಕು ಎಂಬ ಮಾತಿಗೂ ಉತ್ತರ ಇದರಲ್ಲೇ ಇದೆ. ನ್ಯಾಯಾಲಯ ಜೈಲಿನ ಮಾತನ್ನು ತೀರ್ಮಾನಿಸುತ್ತದೆ. ವಿಶ್ವವಿದ್ಯಾಲಯದ ಹೆಸರು ಎದೆಯ ಮೇಲೆ ಹೊತ್ತು ಆಡುವುದು ಯಾರ ಮೂಲಭೂತ ಹಕ್ಕೂ ಅಲ್ಲ.

ಹೊರಗಿಟ್ಟರೆ ಹುಡುಗ ಹಾಳಾಗಿಯೇ ಹೋಗುತ್ತಾನೆ ಎಂಬ ಭಯಕ್ಕೂ ಆಧಾರ ಕಡಿಮೆ. ಲೂಯಿಸಿಯಾನಾ ಸ್ಟೇಟ್‌ನ ಟೈರನ್ ಮ್ಯಾಥ್ಯೂ 2011ರಲ್ಲಿ ಹೈಸ್ಮನ್ ಅಂತಿಮ ಪಟ್ಟಿಯಲ್ಲಿದ್ದ ಆಟಗಾರ. 2012ರ ಆಗಸ್ಟ್‌ನಲ್ಲಿ, ಮಾದಕ ವಸ್ತುವಿನ ಕಾರಣಕ್ಕೆ, ಕೋಚ್ ಲೆಸ್ ಮೈಲ್ಸ್ ಅವನನ್ನು ತಂಡದಿಂದ ತೆಗೆದರು. ಅವನು ಚಿಕಿತ್ಸೆಗೆ ಸೇರಿದ, ಅದೇ ವಿಶ್ವವಿದ್ಯಾಲಯದಲ್ಲಿ ಬರೀ ವಿದ್ಯಾರ್ಥಿಯಾಗಿ ಮತ್ತೆ ಹೆಸರು ನೋಂದಾಯಿಸಿದ, ನಡುವೆ ಮತ್ತೊಮ್ಮೆ ಎಡವಿದ. 2013ರಲ್ಲಿ ಅರಿಜೋನಾ ಕಾರ್ಡಿನಲ್ಸ್ ಎಂಬ ವೃತ್ತಿಪರ ತಂಡ ಅವನ ಮೇಲೆ ನಂಬಿಕೆಯಿಟ್ಟಿತು. 2020ರ ಫೆಬ್ರುವರಿಯಲ್ಲಿ ಕಾನ್ಸಾಸ್ ಸಿಟಿ ತಂಡದಲ್ಲಿ ಸೂಪರ್ ಬೌಲ್ ಗೆದ್ದ. ಒಂದು ಉದಾಹರಣೆಯಿಂದ ನಿಯಮ ಹುಟ್ಟುವುದಿಲ್ಲ. ಮ್ಯಾಥ್ಯೂಗೆ ಅಪಾರ ಪ್ರತಿಭೆ ಇತ್ತು, ಹಾಗಾಗಿ ಮತ್ತೆ ಬಾಗಿಲು ತೆರೆಯಿತು. ತಂಡದಲ್ಲಿ ಎಂಬತ್ತನೆಯವನಾಗಿರುವ, ಟಿವಿಯಲ್ಲಿ ಒಮ್ಮೆಯೂ ಕಾಣದ ಹುಡುಗನಿಗೆ ಯಾರು ಬಾಗಿಲು ತೆರೆಯುತ್ತಾರೆ? ಕೋಚ್‌ಗಳ ನಿಷ್ಠೆಯನ್ನು ಅಳೆಯಬೇಕಾದದ್ದು ಆ ಎಂಬತ್ತನೆಯವನ ವಿಷಯದಲ್ಲಿ. ಎರಡನೆಯ ಅವಕಾಶದ ಮಹತ್ವ ಕುರಿತ ಭಾವುಕ ಮಾತುಗಳು ಹೆಚ್ಚಾಗಿ ಕೇಳಿಬರುವುದು ಓಟದಲ್ಲಿ ಮುಂದಿರುವವನು ಸಿಕ್ಕಿಬಿದ್ದಾಗ. ಮೂರನೆಯ ಸಾಲಿನ ಹುಡುಗ ಅದೇ ತಪ್ಪು ಮಾಡಿದರೆ ಎರಡು ಸಾಲಿನ ಪ್ರಕಟಣೆ ಬರುತ್ತದೆ, ಮಾರನೆಯ ದಿನ ಅವನ ಲಾಕರ್ ಖಾಲಿಯಾಗಿರುತ್ತದೆ.

ಈಗ ಇಡೀ ಏರ್ಪಾಡು ಬದಲಾಗುತ್ತಿರುವುದರಿಂದ ಈ ಮಾತಿಗೆ ಹೊಸ ತುರ್ತು ಬಂದಿದೆ. 2018ರಲ್ಲಿ ವರ್ಗಾವಣೆಯ ಪೋರ್ಟಲ್ ತೆರೆಯಿತು. ಕೋಚ್ ಗದರಿದರೆ ಆಟಗಾರ ಇನ್ನೊಂದು ವಿಶ್ವವಿದ್ಯಾಲಯದತ್ತ ನಡೆಯಬಹುದು. 2021ರ ಜುಲೈಯಿಂದ ಅವನು ತನ್ನ ಹೆಸರಿನ ಮೇಲೆ ಹಣ ಗಳಿಸಬಹುದು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ಹಣ ಕೊಡುತ್ತಿವೆ, ಮೊದಲ ವರ್ಷಕ್ಕೆ ಪ್ರತಿ ಸಂಸ್ಥೆಗೂ ಸುಮಾರು 2 ಕೋಟಿ ಡಾಲರ್ ಮಿತಿಯೊಳಗೆ. ಇದು ಬಹುಕಾಲದ ಅನ್ಯಾಯವೊಂದನ್ನು ಸರಿಪಡಿಸಿತೆಂದೇ ನಾನು ತಿಳಿಯುತ್ತೇನೆ. ಹಣ ಬಂದ ಮೇಲೆ ನಿಷ್ಠೆ ಸತ್ತಿತು ಎಂದು ಹಳೆಯ ಕೋಚ್‌ಗಳು ಹಳಹಳಿಸುವುದು ಬೇಡ. ಒಂದು ವರ್ಷದ ವಿದ್ಯಾರ್ಥಿವೇತನದ ಕಾಲದಲ್ಲಿ ನಿಷ್ಠೆ ಯಾರಿಂದ ಯಾರಿಗೆ ಹರಿಯುತ್ತಿತ್ತು ಎಂಬುದು ಗೊತ್ತೇ ಇದೆ. ಆದರೆ ಹಣದ ಜೊತೆ ಒಪ್ಪಂದಪತ್ರ ಬಂದಿದೆ, ಒಪ್ಪಂದದೊಳಗೆ ನಡತೆಯ ಕಲಮುಗಳು ಬರುತ್ತಿವೆ. ತಾರೆಗೆ ಸಡಿಲವಾಗಿ, ಉಳಿದವರಿಗೆ ಬಿಗಿಯಾಗಿ ಅವುಗಳನ್ನು ಬಳಸುವುದು ಬಹಳ ಸುಲಭ.

ಆ ಒಪ್ಪಂದಗಳನ್ನು ಬರೆಯುತ್ತಿರುವವರ ಮುಂದೆ ಎರಡು ಬೇಡಿಕೆ ಇಡಬೇಕು. ಇನ್ನೊಬ್ಬರಿಗೆ ಹಾನಿಯಾದ ಪ್ರಕರಣದಲ್ಲಿ ಆಟಗಾರ ಮೈದಾನಕ್ಕಿಳಿಯಬೇಕೇ ಬೇಡವೇ ಎಂಬುದನ್ನು ಕ್ರೀಡಾ ವಿಭಾಗದಿಂದ ಒಂದು ಡಾಲರೂ ಪಡೆಯದ ಸಮಿತಿ ತೀರ್ಮಾನಿಸಬೇಕು. ದೂರು ಕೊಟ್ಟವರೂ ಆರೋಪ ಹೊತ್ತವರೂ ಅದರ ಮುಂದೆ ಮಾತಾಡುವಂತಿರಬೇಕು. ಇನ್ನೊಂದು, ಮೈದಾನದಿಂದ ತೆಗೆದವನನ್ನು, ಕ್ಯಾಂಪಸ್ಸಿನಲ್ಲಿ ಅವನಿರುವುದು ಯಾರಿಗೂ ಅಪಾಯವಲ್ಲದಿದ್ದರೆ, ಓದಿನಿಂದ ತೆಗೆಯಬಾರದು: ಪದವಿ ಮುಗಿಯುವವರೆಗೆ ಅವನ ಶುಲ್ಕ, ವಸತಿ, ಚಿಕಿತ್ಸೆಯ ಖರ್ಚು ವಿಶ್ವವಿದ್ಯಾಲಯದ್ದೇ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಕಲಿಸುವ, ಅಲ್ಲಿಗೆ ಮಕ್ಕಳನ್ನು ಕಳಿಸಿರುವ ಕನ್ನಡಿಗರೂ ಬಹಳ ಮಂದಿ ಇದ್ದಾರೆ. ಅಧ್ಯಾಪಕರ ಸಭೆಯಲ್ಲೋ ಪೋಷಕರ ಸಭೆಯಲ್ಲೋ ಈ ವಿಷಯ ಚರ್ಚೆಗೆ ಬಂದಾಗ ಇದು ನಮ್ಮದಲ್ಲದ ಆಟವೆಂದು ಅವರು ಸುಮ್ಮನೆ ಕೂರಬಾರದು.